ಸ್ನೋನಾ, ಮಳೆನಾ? ಒಂದೇ ಡಿಗ್ರಿಯ ಪ್ರಶ್ನೆ

2017ರ ಮಾರ್ಚ್ 14, ಮಂಗಳವಾರ. ಇಲ್ಲಿ ಕೂತಿರುವ ತುಂಬಾ ಜನರಿಗೆ ಆ ದಿನ ನೆನಪಿರಬಹುದು. ಅದಕ್ಕೆ ಮುಂಚೆ ಎರಡು ದಿನ ಟಿವಿಯಲ್ಲಿ ಬೇರೆ ಮಾತೇ ಇರಲಿಲ್ಲ. ನ್ಯೂಯಾರ್ಕ್ ನಗರದಲ್ಲಿ 18ರಿಂದ 24 ಇಂಚು ಸ್ನೋ ಬೀಳಬಹುದು ಅಂತ ಹೇಳಿದ್ದರು. ಸ್ನೋ ಬಿರುಗಾಳಿ ಬರುತ್ತದೆ ಅಂತ ಬ್ಲಿಝರ್ಡ್ ವಾರ್ನಿಂಗ್ ಬಂದಿತ್ತು. ನ್ಯೂಜೆರ್ಸಿಯ ನಮ್ಮ ಎಡಿಸನ್ ಕಡೆಗೂ ದೊಡ್ಡ ಅಂಕೆಯೇ. ಸೋಮವಾರ ಸಂಜೆ ಓಕ್ ಟ್ರೀ ರೋಡಿಗೆ ಹೋದರೆ ಹಾಲು, ಮೊಸರು, ಕೊತ್ತಂಬರಿ ಸೊಪ್ಪು ಎಲ್ಲಾ ಖಾಲಿ.

ಬೆಳಗಿನ ಜಾವ ನನಗೆ ಎಚ್ಚರವಾಯಿತು. ಕಿಟಕಿಯಲ್ಲಿ ಸದ್ದು. ಸ್ನೋ ಬೀಳುವಾಗ ಸದ್ದೇ ಇರುವುದಿಲ್ಲ, ಅಲ್ವಾ? ಇದು ಯಾರೋ ಗಾಜಿಗೆ ಮುಷ್ಟಿ ಮುಷ್ಟಿ ಸಬ್ಬಕ್ಕಿ ಎರಚುತ್ತಿದ್ದ ಹಾಗಿತ್ತು. ಬಾಗಿಲು ತೆಗೆದು ನೋಡಿದೆ. ಕೆಳಗೆ ಕೆಲವು ಇಂಚು ಸ್ನೋ, ಅದರ ಮೇಲೆ ಗಟ್ಟಿ ಮಂಜುಗಡ್ಡೆಯ ಕಾಳು. ಕೊನೆಗೆ ಸೆಂಟ್ರಲ್ ಪಾರ್ಕಿನಲ್ಲಿ ಅಳೆದಾಗ ಸಿಕ್ಕಿದ್ದು 7.6 ಇಂಚು. ಇಲ್ಲಿಂದ ಮೂರು ಗಂಟೆ ಡ್ರೈವ್ ದೂರದ ಬಿಂಗ್‌ಹ್ಯಾಮ್ಟನ್‌ನಲ್ಲಿ 30 ಇಂಚಿಗೂ ಜಾಸ್ತಿ. ಸ್ಟಾರ್ಮ್ ಒಂದೇ.

ಮಾರನೇ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು. ಈ ವೆದರ್‌ನವರು ಹೇಳಿದ್ದು ಯಾವತ್ತು ಸರಿಯಾಗಿದೆ? ನಾನು ಹೈಸ್ಕೂಲಿನಲ್ಲಿ ಫಿಸಿಕ್ಸ್ ಪಾಠ ಮಾಡುವವನು. ಹವಾಮಾನ ಇಲಾಖೆಗೂ ನನಗೂ ಸಂಬಂಧವಿಲ್ಲ. ಆದರೂ ಆ ಮಾತು ಕೇಳಿ ನನಗೆ ಬೇಜಾರಾಯಿತು. ಯಾಕೆಂದರೆ ಆ ದಿನ ಸ್ಟಾರ್ಮ್ ಬರುತ್ತದೆ ಅಂದಿದ್ದರು, ಬಂತು. ತುಂಬಾ ನೀರು ಸುರಿಯುತ್ತದೆ ಅಂದಿದ್ದರು, ಸುರಿಯಿತು. ತಪ್ಪಿದ್ದು ಒಂದೇ ಕಡೆ. ತಲೆಯ ಮೇಲೆ ಒಂದೆರಡು ಮೈಲಿ ಎತ್ತರದಲ್ಲಿ, ಗಾಳಿಯ ಒಂದು ಪದರ ಸ್ವಲ್ಪ ಬೆಚ್ಚಗಿತ್ತು. ಇವತ್ತು ಆ 'ಸ್ವಲ್ಪ'ದ ಬಗ್ಗೆಯೇ ನಾನು ಮಾತಾಡಬೇಕು ಅಂತಿರುವುದು.

ಅದಕ್ಕೆ ಮುಂಚೆ ಪದಗಳ ಬಗ್ಗೆ ಒಂದು ಮಾತು. ನಮ್ಮ ಭಾಷೆಯಲ್ಲಿ ಮಂಜು ಅಂದರೆ ಕೊಡಗಿನ ಬೆಳಗಿನ ಮಂಜೂ ಹೌದು, ಕಾಶ್ಮೀರದಲ್ಲಿ ಬೀಳುವ ಮಂಜೂ ಹೌದು. ಹುಲ್ಲಿನ ಮೇಲಿನ ಹನಿಗೆ ಇಬ್ಬನಿ ಅನ್ನುವ ಚೆಂದದ ಪದ ಇದೆ. ಬೇಸಿಗೆ ಮಳೆಯಲ್ಲಿ ಬೀಳುವುದಕ್ಕೆ ಆಲಿಕಲ್ಲು. ಆದರೆ ಇಲ್ಲಿ ಚಳಿಗಾಲದಲ್ಲಿ ಬೀಳುವ ಸ್ಲೀಟ್, ಅಂದರೆ ಆ ಗಟ್ಟಿ ಮಂಜುಗಡ್ಡೆಯ ಕಾಳು, ಆಲಿಕಲ್ಲಲ್ಲ. ಆಲಿಕಲ್ಲು ಗುಡುಗು ಮೋಡದೊಳಗೆ ಮೇಲೆ ಕೆಳಗೆ ಓಡಾಡಿ ಬೆಳೆಯುತ್ತದೆ. ಸ್ಲೀಟ್ ಹುಟ್ಟುವ ದಾರಿಯೇ ಬೇರೆ. ನಮ್ಮ ಮನೆಯಲ್ಲಿ ಅದನ್ನು ಸಬ್ಬಕ್ಕಿ ಅಂತಲೇ ಕರೆಯುತ್ತೇವೆ. ಇವತ್ತು ಇಲ್ಲೂ ಹಾಗೇ ಕರೆಯುತ್ತೇನೆ. ಸ್ನೋಗೆ ಸ್ನೋ ಅಂತಲೇ ಹೇಳುತ್ತೇನೆ, ನಾವೆಲ್ಲ ಮನೆಯಲ್ಲಿ ಹೇಳುವುದೂ ಹಾಗೇ ತಾನೆ.

ಈಗ ಮೊದಲನೆಯ ವಿಷಯ. ನ್ಯೂಜೆರ್ಸಿಯಲ್ಲಿ ಜನವರಿಯಲ್ಲಿ ಜೋರಾಗಿ ಮಳೆ ಬಂತು ಅಂದುಕೊಳ್ಳಿ. ಆ ಮಳೆಯ ಹನಿಗಳು ಹೆಚ್ಚುಕಡಿಮೆ ಎಲ್ಲವೂ ಮೇಲೆ ಸ್ನೋ ಆಗಿಯೇ ಹುಟ್ಟಿರುತ್ತವೆ. ಮೋಡದ ಮೇಲ್ಭಾಗದಲ್ಲಿ ಅಷ್ಟು ಚಳಿ. ಹಾಗಾಗಿ ಸ್ನೋ ಹುಟ್ಟುತ್ತದಾ ಇಲ್ಲವಾ ಅನ್ನುವುದು ಪ್ರಶ್ನೆಯೇ ಅಲ್ಲ. ಕೆಳಗೆ ಬರುವವರೆಗೆ ಉಳಿಯುತ್ತದಾ ಅನ್ನುವುದು ಪ್ರಶ್ನೆ.

ಮುಳ್ಳಯ್ಯನಗಿರಿ ಹತ್ತಿದವರಿಗೆ ಮೇಲೆ ಹೋದಷ್ಟೂ ಚಳಿ ಅಂತ ಗೊತ್ತು. ಆದರೆ ಇಲ್ಲಿನ ಚಳಿಗಾಲದ ಸ್ಟಾರ್ಮ್ ಒಳಗೆ ಗಾಳಿ ಹಾಗೆ ಸರಾಗವಾಗಿ ತಣ್ಣಗಾಗುತ್ತಾ ಹೋಗುವುದಿಲ್ಲ. ಅದು ಚಿರೋಟಿಯ ಹಾಗೆ ಪದರ ಪದರ. ನೆಲದ ಹತ್ತಿರ ಕೆನಡಾ ಕಡೆಯಿಂದ ಇಳಿದ ತಣ್ಣನೆ, ಭಾರದ ಗಾಳಿ. ಅದರ ಮೇಲೆ ಅಟ್ಲಾಂಟಿಕ್‌ ಕಡೆಯಿಂದ ತೆವಳಿ ಬಂದ ಬೆಚ್ಚನೆ ಗಾಳಿ. ಅದರ ಮೇಲೆ ಮತ್ತೆ ಕೊರೆಯುವ ಚಳಿ. ಸ್ನೋ ಇವೆಲ್ಲವನ್ನೂ ದಾಟಿ ಬರಬೇಕು. ಸ್ನೋ ಹೂವು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಇಳಿಯುತ್ತದೆ. ಬೆಚ್ಚನೆ ಪದರ ಅರ್ಧ ಕಿಲೋಮೀಟರ್ ದಪ್ಪ ಇದ್ದರೆ ಎಂಟು ನಿಮಿಷ ಅದರೊಳಗೆ ಇರುತ್ತದೆ. ಎಂಟು ನಿಮಿಷ ಅಂದರೆ ಕರಗುವುದಕ್ಕೆ ಧಾರಾಳ ಸಮಯ.

ಆ ಪದರದ ಅತಿ ಬೆಚ್ಚನೆ ಜಾಗ 1 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸಾಮಾನ್ಯವಾಗಿ ಸ್ನೋ ಬದುಕಿ ಉಳಿಯುತ್ತದೆ. 1ರಿಂದ 3 ಡಿಗ್ರಿ ಇದ್ದರೆ ಅರ್ಧಂಬರ್ಧ ಕರಗುತ್ತದೆ. ಹೊರಗೆ ನೀರು, ಒಳಗೆ ಒಂದು ಚೂರು ಮಂಜುಗಡ್ಡೆ. ಕೆಳಗಿನ ತಣ್ಣನೆ ಪದರಕ್ಕೆ ಬಂದ ಕೂಡಲೇ ಆ ಚೂರು ಹೆಪ್ಪಿನ ಕೆಲಸ ಮಾಡುತ್ತದೆ. ಹಾಲಿಗೆ ಒಂದು ಚಮಚ ಮೊಸರು ಹಾಕಿದರೆ ಪಾತ್ರೆಯೆಲ್ಲ ಹೆಪ್ಪುಗಟ್ಟುತ್ತದಲ್ಲ, ಹಾಗೆ ಇಡೀ ಹನಿ ಗಟ್ಟಿಯಾಗುತ್ತದೆ. ಅದೇ ನಮ್ಮ ಸಬ್ಬಕ್ಕಿ. ಇನ್ನು 3 ಡಿಗ್ರಿ ದಾಟಿದರೆ ಪೂರ್ತಿ ಕರಗಿಹೋಗುತ್ತದೆ. ಒಳಗೆ ಹೆಪ್ಪೇ ಉಳಿಯುವುದಿಲ್ಲ. ಆಗ ಕೆಳಗೆ ಚಳಿ ಇದ್ದರೂ ಹನಿ ಸಾಮಾನ್ಯವಾಗಿ ಗಾಳಿಯಲ್ಲಿ ನೀರಾಗೇ ಇರುತ್ತದೆ, ಸೊನ್ನೆಗಿಂತ ತಣ್ಣಗಿರುವ ನೀರು. ಮರದ ಕೊಂಬೆಗೋ, ಕರೆಂಟ್ ತಂತಿಗೋ, ನಿಮ್ಮ ಕಾರಿನ ಗಾಜಿಗೋ ತಾಗಿದ ತಕ್ಷಣ ಅಲ್ಲೇ ಗಡ್ಡೆ ಕಟ್ಟುತ್ತದೆ. ಅದು ಫ್ರೀಝಿಂಗ್ ರೇನ್. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಅಪಾಯ ಅದೇ. ನೋಡುವುದಕ್ಕೆ ಸುಮ್ನೆ ಒದ್ದೆ ರಸ್ತೆ. ಕಾಲಿಟ್ಟರೆ ಗೊತ್ತಾಗುತ್ತದೆ.

ಸ್ನೋ, ಸಬ್ಬಕ್ಕಿ, ಗಡ್ಡೆ ಕಟ್ಟುವ ಮಳೆ. ಮೂರಕ್ಕೂ ನಡುವೆ ಇರುವುದು ಎರಡೇ ಡಿಗ್ರಿ. ಜುಲೈನಲ್ಲಿ 31 ಡಿಗ್ರಿ ಅಂತ ಹೇಳಿ 33 ಆದರೆ ಯಾರಾದರೂ ಜಗಳಕ್ಕೆ ಹೋಗುತ್ತೇವಾ? ಗೊತ್ತೇ ಆಗುವುದಿಲ್ಲ. ಚಳಿಗಾಲದಲ್ಲಿ ಅದೇ ಎರಡು ಡಿಗ್ರಿ, ಅದೂ ಕಣ್ಣಿಗೆ ಕಾಣದ ಎತ್ತರದಲ್ಲಿ ತಪ್ಪಿದರೆ ಇಡೀ ಊರಿಗೆ ಗೊತ್ತಾಗುತ್ತದೆ. ಒಂದು ಇಂಚು ನೀರು ಸ್ನೋ ಆಗಿ ಬಿದ್ದರೆ ಸುಮಾರು 10 ಇಂಚು ನಿಲ್ಲುತ್ತದೆ. ಸಬ್ಬಕ್ಕಿ ಆಗಿ ಬಿದ್ದರೆ ಎರಡು ಮೂರು ಇಂಚು. ಮಳೆಯಾದರೆ ಚರಂಡಿಗೆ ಹೋಗುತ್ತದೆ.

ಆ ಪದರದ ಬಿಸಿ ಅಳೆಯುವುದಕ್ಕೆ ಬಲೂನ್ ಬಿಡುತ್ತಾರೆ. ದಿನಕ್ಕೆ ಎರಡು ಸಲ, ಪ್ರಪಂಚದಾದ್ಯಂತ ಒಂದೇ ಹೊತ್ತಿಗೆ. ದೊಡ್ಡ ಸ್ಟಾರ್ಮ್ ಇದ್ದಾಗ ನಡುವೆ ಇನ್ನೆರಡು ಸಲ ಬಿಡುವುದೂ ಉಂಟು. ನಮ್ಮ ಊರಿನ ಮುನ್ಸೂಚನೆ ಬರುವುದು ಮೌಂಟ್ ಹಾಲಿಯಲ್ಲಿರುವ ನ್ಯಾಷನಲ್ ವೆದರ್ ಸರ್ವಿಸ್ ಕಚೇರಿಯಿಂದ. ಅಲ್ಲಿ ಬಲೂನ್ ಬಿಡುವುದಿಲ್ಲ. ನಮ್ಮ ಪೂರ್ವಕ್ಕೆ ಲಾಂಗ್ ಐಲೆಂಡಿನ ಅಪ್ಟನ್‌ನಲ್ಲಿ ಬಿಡುತ್ತಾರೆ, ನೈಋತ್ಯಕ್ಕೆ ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ. ಎರಡರ ನಡುವೆ ಸುಮಾರು 450 ಕಿಲೋಮೀಟರ್. ಅಂದರೆ ಬೆಂಗಳೂರಿನಿಂದ ಧಾರವಾಡ ದಾಟಿ ಹೋಗುವಷ್ಟು ದೂರ. ವಿಮಾನಗಳು ಏರುವಾಗ ಇಳಿಯುವಾಗ ಕಳಿಸುವ ಅಳತೆಗಳಿವೆ. 2013ರ ಹೊತ್ತಿಗೆ ಈ ದೇಶದ ರೇಡಾರ್‌ಗಳನ್ನೆಲ್ಲ ಹೊಸ ಬಗೆಗೆ ಬದಲಾಯಿಸಿದರು. ಹನಿ ಗುಂಡಗಿದೆಯಾ, ಚಪ್ಪಟೆಯಾಗಿದೆಯಾ, ಕರಗುತ್ತಿದೆಯಾ ಅಂತ ಅವುಗಳಿಂದ ಅಂದಾಜು ಮಾಡಬಹುದು. ಅದು ದೊಡ್ಡ ಉಪಕಾರ. ಆದರೆ ರೇಡಾರ್ ಹೇಳುವುದು ಈಗ ಏನಾಗುತ್ತಿದೆ ಅಂತ. ನಿಮಗೆ ಬೇಕಿರುವುದು ನಾಳೆ ಬೆಳಗ್ಗೆ ಸ್ಕೂಲ್ ಬಸ್ ಬರುತ್ತದಾ ಅಂತ.

ಸರಿ, ಮೇಲಿನ ಪದರ ಬಿಡಿ. ನೆಲದ ಹತ್ತಿರದ ಗಾಳಿಗೆ ಬರೋಣ. ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡುತ್ತಾರೆ. ಫೋನ್ ನೋಡುತ್ತಾರೆ. 40 ಡಿಗ್ರಿ ಫ್ಯಾರನ್‌ಹೀಟ್ ಅಂತ ಇರುತ್ತದೆ. 32, ಅಂದರೆ ಸೆಲ್ಸಿಯಸ್‌ನ ಸೊನ್ನೆ, ಆದರೆ ತಾನೆ ಸ್ನೋ, ಇದು ಮಳೆಯೇ ಬಿಡು ಅಂದುಕೊಳ್ಳುತ್ತಾರೆ. ನಮ್ಮ ಅಜ್ಜಿ ಮನೆಯ ಮಣ್ಣಿನ ಮಡಕೆ ನೆನಪಿಸಿಕೊಳ್ಳಿ. ಏಪ್ರಿಲ್ ತಿಂಗಳ ಉರಿಬಿಸಿಲಲ್ಲೂ ಅದರ ನೀರು ತಣ್ಣಗಿರುತ್ತಿತ್ತು. ಮಡಕೆಯ ಮೈಯಿಂದ ನೀರು ಆವಿಯಾಗುತ್ತದೆ, ಆವಿಯಾಗುವುದಕ್ಕೆ ಬೇಕಾದ ಬಿಸಿಯನ್ನು ಮಡಕೆಯಿಂದಲೇ ತೆಗೆದುಕೊಳ್ಳುತ್ತದೆ. ಬಯಲುಸೀಮೆಯ ಒಣ ಗಾಳಿಯಲ್ಲಿ ಮಡಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನ ಸೆಕೆಯಲ್ಲಿ ಅಷ್ಟು ಮಾಡುವುದಿಲ್ಲ. ಇಲ್ಲೂ ಅದೇ ನಡೆಯುತ್ತದೆ. ಗಾಳಿ 40 ಡಿಗ್ರಿ ಇದ್ದು ಚೆನ್ನಾಗಿ ಒಣಗಿದೆ, ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ಇಬ್ಬನಿಯಾಗಲು ಶುರುವಾಗುವ ಉಷ್ಣತೆ, 20 ಇದೆ ಅಂದುಕೊಳ್ಳಿ. ಮೇಲಿಂದ ಹನಿ ಬೀಳಲು ಶುರುವಾದರೆ ಅದರಲ್ಲಿ ಸ್ವಲ್ಪ ಆವಿಯಾಗುತ್ತದೆ, ಗಾಳಿ ತಣ್ಣಗಾಗುತ್ತಾ ಸುಮಾರು 33ಕ್ಕೆ ಇಳಿಯುತ್ತದೆ. ಸಂಜೆ ಮಳೆಯಾಗಿ ಶುರುವಾದದ್ದು ಊಟದ ಹೊತ್ತಿಗೆ ಸ್ನೋ. ಇನ್ನು ಮೇಲೆ ಫೋನಿನಲ್ಲಿ ಡ್ಯೂ ಪಾಯಿಂಟ್ ಕೂಡ ನೋಡಿ. ಅದೂ ಅಲ್ಲೇ ಇರುತ್ತದೆ.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ದೊಡ್ಡ ಮಟ್ಟದಲ್ಲಿ ನೋಡಿತು. ಉತ್ತರಾರ್ಧ ಗೋಳದ ಕೋಟಿಗೂ ಮೀರಿದ ದಾಖಲೆಗಳನ್ನು ತೆಗೆದುಕೊಂಡು, ಮಳೆ ಮತ್ತು ಸ್ನೋ ಅರ್ಧಕ್ಕರ್ಧ ಆಗುವ ಉಷ್ಣತೆ ಎಷ್ಟು ಅಂತ ಹುಡುಕಿದರು. ಸರಾಸರಿ 1 ಡಿಗ್ರಿ ಸೆಲ್ಸಿಯಸ್. ಆದರೆ ಹೆಚ್ಚಿನ ಜಾಗಗಳಲ್ಲಿ ಅದು ಸೊನ್ನೆಗಿಂತ 0.4 ಕೆಳಗಿನಿಂದ 2.4 ಡಿಗ್ರಿ ಮೇಲಿನವರೆಗೆ ಹರಡಿತ್ತು. ಒಣ ಗಾಳಿಯ ಬೆಟ್ಟದ ಊರುಗಳಲ್ಲಿ ಜಾಸ್ತಿ, ಕಡಲ ಪಕ್ಕದ ತೇವದ ಊರುಗಳಲ್ಲಿ ಕಮ್ಮಿ. 32 ಅನ್ನುವುದು ಒಂದು ಗೆರೆ ಅಂತ ನಾವು ಸ್ಕೂಲಿನಲ್ಲಿ ಕಲಿತಿದ್ದೇವೆ. ಆಕಾಶದಲ್ಲಿ ಅಂಥ ಗೆರೆ ಇಲ್ಲ.

ಇನ್ನೊಂದು ವಿಷಯ ಇದೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದು. ನಿಂಬೆ ಶರಬತ್ತಿಗೆ ಐಸ್ ಹಾಕುತ್ತೀರಿ. ಐಸ್ ಕರಗುತ್ತಾ ಶರಬತ್ತನ್ನು ತಣ್ಣಗೆ ಮಾಡುತ್ತದೆ. ಸ್ನೋ ಕೂಡ ಕರಗುತ್ತಾ ತನ್ನ ಸುತ್ತಲಿನ ಗಾಳಿಯನ್ನು ತಣ್ಣಗೆ ಮಾಡುತ್ತದೆ. ಎಷ್ಟು? ನನ್ನ ಮಕ್ಕಳಿಗೆ ಕ್ಲಾಸಿನಲ್ಲಿ ಈ ಲೆಕ್ಕ ಮಾಡಿಸುತ್ತೇನೆ. ಒಂದು ಚದರ ಮೀಟರ್ ಜಾಗದ ಮೇಲೆ, ಒಂದು ಸೆಂಟಿಮೀಟರ್ ನೀರಿಗೆ ಸಮನಾದ ಸ್ನೋ. ಅದು 10 ಕಿಲೋ. ಒಂದು ಕಿಲೋ ಕರಗಲು 334 ಕಿಲೋಜೂಲ್ ಬಿಸಿ ಬೇಕು. ಆ ಜಾಗದ ಮೇಲೆ ಒಂದು ಕಿಲೋಮೀಟರ್ ಎತ್ತರದ ಗಾಳಿಯ ಕಂಬದ ತೂಕ ಸುಮಾರು 1200 ಕಿಲೋ. ಲೆಕ್ಕ ಹಾಕಿದರೆ ಆ ಇಡೀ ಕಂಬ ಹೆಚ್ಚುಕಡಿಮೆ 3 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ಅಂದರೆ ಮೊದಲು ಬಿದ್ದ ಸ್ನೋ ಕರಗಿ ಮಳೆಯಾಗಿ, ಹಿಂದೆ ಬರುವ ಸ್ನೋಗೆ ದಾರಿ ಮಾಡಿಕೊಡುತ್ತದೆ.

ಆದರೆ ಇದಕ್ಕೆ ಜೋರು ಬೇಕು. ಜಿನುಗುವ ಮಳೆಗೆ ಆ ಶಕ್ತಿ ಇಲ್ಲ. ಕಡಲಿನಿಂದ ಬೆಚ್ಚನೆ ಗಾಳಿ ಬರುತ್ತಲೇ ಇದ್ದರೆ ಕರಗಿ ತಂಪು ಮಾಡಿದ್ದೆಲ್ಲ ವ್ಯರ್ಥ. ಇದೊಂದು ಹಗ್ಗಜಗ್ಗಾಟ. ಹೀಗಾಗಿ ಮುನ್ಸೂಚನೆ ಕೊಡುವವರು ಮೊದಲು ಮಳೆ ಎಷ್ಟು ಜೋರಾಗಿ ಬರುತ್ತದೆ ಅಂತ ಸರಿಯಾಗಿ ಹೇಳಬೇಕು, ಆಮೇಲೆ ಅದು ಸ್ನೋ ಆಗುತ್ತದಾ ಅಂತ ಹೇಳಬೇಕು. ಮೊದಲನೆಯದು ತಪ್ಪಿದರೆ ಎರಡನೆಯದೂ ತಪ್ಪುತ್ತದೆ.

1987ರ ಅಕ್ಟೋಬರ್ 4ರಂದು ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಈ ಹಗ್ಗಜಗ್ಗಾಟದಲ್ಲಿ ಸ್ನೋ ಗೆದ್ದಿತು. ಅಕ್ಟೋಬರ್ ಮೊದಲ ವಾರ, ಮರಗಳಲ್ಲಿ ಎಲೆ ಇನ್ನೂ ಉದುರಿರಲಿಲ್ಲ. 6.5 ಇಂಚು ಒದ್ದೆ, ಭಾರದ ಸ್ನೋ. ಎಲೆ ಹೊತ್ತ ಕೊಂಬೆಗಳು ಅಷ್ಟು ತೂಕ ತಡೆಯಲಿಲ್ಲ. ಮರಗಳು ಮುರಿದು ತಂತಿಗಳ ಮೇಲೆ ಬಿದ್ದವು. ಕಂಪ್ಯೂಟರ್ ಮಾಡೆಲ್‌ಗಳು ಅದನ್ನು ಸರಿಯಾಗಿ ಕಂಡಿರಲಿಲ್ಲ.

2013ರ ಮಾರ್ಚ್ 6ರಂದು ವಾಷಿಂಗ್ಟನ್‌ನಲ್ಲಿ ಇದಕ್ಕೆ ತದ್ವಿರುದ್ಧ. 5ರಿಂದ 10 ಇಂಚು ಅಂತ ಹೇಳಿದ್ದರು. ಕೇಂದ್ರ ಸರ್ಕಾರದ ಕಚೇರಿಗಳಿಗೆ ರಜೆ ಕೊಟ್ಟರು, ಸ್ಕೂಲುಗಳು ಮುಚ್ಚಿದವು. ಜನ ಬೆಳಗ್ಗೆ ಎದ್ದು ನೋಡಿದರೆ ಮಳೆ. ನ್ಯಾಷನಲ್ ವಿಮಾನ ನಿಲ್ದಾಣದಲ್ಲಿ ಇಡೀ ದಿನಕ್ಕೆ ಅಳೆದದ್ದು 0.2 ಇಂಚು. ಥರ್ಮಾಮೀಟರ್ 32ಕ್ಕಿಂತ ಸ್ವಲ್ಪ ಮೇಲೇ ನಿಂತುಬಿಟ್ಟಿತು. ಪಶ್ಚಿಮಕ್ಕೆ, ವರ್ಜೀನಿಯಾದ ಬೆಟ್ಟಗಳ ಕಡೆ, ಒಂದು ಅಡಿಗೂ ಜಾಸ್ತಿ ಬಿದ್ದಿತ್ತು.

ಮೂರನೆಯದೂ ವಾಷಿಂಗ್ಟನ್‌ದೇ, 2011ರ ಜನವರಿ 26. ನೀವು ಇದನ್ನು ಮರೆಯಬಾರದು. ಯಾಕೆಂದರೆ ಆ ದಿನ ಮುನ್ಸೂಚನೆ ಸರಿಯಾಗಿಯೇ ಇತ್ತು. ಮಧ್ಯಾಹ್ನದ ನಂತರ ಮಳೆ ಸ್ನೋಗೆ ತಿರುಗುತ್ತದೆ, ಸಂಜೆ ಜೋರಾಗುತ್ತದೆ ಅಂತ ಎಚ್ಚರಿಸಿದ್ದರು. ಆದರೆ ಜನ ಕಿಟಕಿಯಾಚೆ ನೋಡಿದರು. ಬರೀ ಮಳೆ. ಇದೇನು ಮಹಾ ಅಂತ ಆಫೀಸಿನಲ್ಲೇ ಕೂತರು. ಎಲ್ಲರೂ ಮನೆಗೆ ಹೊರಟ ಹೊತ್ತಿಗೆ ಗುಡುಗಿನ ಜೊತೆ ಸ್ನೋ ಸುರಿಯಲು ಶುರುವಾಯಿತು. ರಸ್ತೆಗೆ ಮುಂಚೆ ಹಾಕಿದ್ದ ಉಪ್ಪನ್ನು ಮಳೆ ತೊಳೆದುಕೊಂಡು ಹೋಗಿತ್ತು. ಸಾವಿರಾರು ಕಾರುಗಳು ರಸ್ತೆಯಲ್ಲೇ ಸಿಕ್ಕಿಬಿದ್ದವು. ಕೆಲವರು ಮನೆ ಸೇರಿದ್ದು ಮಾರನೇ ಬೆಳಗ್ಗೆ. ಬಿದ್ದದ್ದು ಐದು ಇಂಚಿನ ಆಸುಪಾಸು ಅಷ್ಟೇ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಸ್ನೋ ಮತ್ತು ಮಳೆಯ ನಡುವಿನ ಗಡಿ ಯಾವಾಗಲೂ ನಮ್ಮ ತಲೆ ಮೇಲೇ ಯಾಕೆ ಬರುತ್ತದೆ ಅಂತ ಒಬ್ಬರು ಒಳಗೆ ಬರುವಾಗ ಕೇಳಿದರು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಇತಿಹಾಸದಲ್ಲಿದೆ. ಪಶ್ಚಿಮದಲ್ಲಿ ಗಟ್ಟಿ ಕಲ್ಲಿನ ಎತ್ತರದ ನೆಲ, ಪೂರ್ವದಲ್ಲಿ ಮರಳು ಮಣ್ಣಿನ ಕರಾವಳಿ ಬಯಲು. ಎರಡೂ ಕೂಡುವ ಕಡೆ ನದಿಗಳು ಸಣ್ಣ ಸಣ್ಣ ಜಲಪಾತವಾಗಿ ಇಳಿಯುತ್ತವೆ. ಹಿಂದಿನ ಕಾಲದಲ್ಲಿ ಕಡಲಿಂದ ಬಂದ ದೋಣಿಗಳು ಅಲ್ಲಿಗೆ ನಿಲ್ಲಬೇಕಿತ್ತು. ಸರಕು ಇಳಿಸಿದ ಜಾಗದಲ್ಲಿ ಊರು ಬೆಳೆಯಿತು. ಟ್ರೆಂಟನ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್, ರಿಚ್‌ಮಂಡ್ ಎಲ್ಲವೂ ಎರಡು ನೆಲ ಕೂಡುವ ಆ ಗೆರೆಯ ಮೇಲೇ ಇವೆ. ಅವನ್ನು ಜೋಡಿಸಿಕೊಂಡು ಇಂಟರ್‌ಸ್ಟೇಟ್ 95 ಬಂತು. ಅದರ ಪಶ್ಚಿಮಕ್ಕೆ ಹೋದರೆ ತಣ್ಣನೆ ಗಾಳಿ ಬೆಟ್ಟದ ಬುಡದಲ್ಲಿ ಸಿಕ್ಕಿಕೊಂಡು ಕೂತಿರುತ್ತದೆ. ಪೂರ್ವಕ್ಕೆ ಹೋದರೆ ಕಡಲು. ಅತಿ ಚಳಿಯ ಫೆಬ್ರವರಿಯಲ್ಲೂ ಆ ಕಡಲ ನೀರು 32ಕ್ಕಿಂತ ಬೆಚ್ಚಗೇ ಇರುತ್ತದೆ. ಎರಡು ಗಾಳಿಗಳೂ ಎದುರುಬದುರಾಗುವ ಜಾಗದಲ್ಲಿ ಕೋಟಿಗಟ್ಟಲೆ ಜನ ಮನೆ ಮಾಡಿಕೊಂಡಿದ್ದೇವೆ. ಸ್ಟಾರ್ಮ್ ಐವತ್ತು ಮೈಲಿ ಆಚೆ ಹೋದರೆ ಒಂದು ಕಥೆ, ಈಚೆ ಬಂದರೆ ಇನ್ನೊಂದು.

ಈಗ ಅಂಕೆಗಳ ವಿಷಯ. ಯುರೋಪಿನ ಹವಾಮಾನ ಕೇಂದ್ರ ಒಂದೇ ಸ್ಟಾರ್ಮನ್ನು ಸಣ್ಣ ಸಣ್ಣ ಬದಲಾವಣೆ ಮಾಡಿ ಕಂಪ್ಯೂಟರಿನಲ್ಲಿ 50 ಸಲ ಓಡಿಸುತ್ತದೆ. ಯಾಕೆಂದರೆ ಇವತ್ತಿನ ಗಾಳಿಯ ಅಳತೆಯೇ ಪಕ್ಕಾ ಇಲ್ಲ. ಒಂದು ಉದಾಹರಣೆಗೆ, 25 ಸಲ ಎಡಿಸನ್‌ಗೆ 14 ಇಂಚು ಬಂತು, 25 ಸಲ 2 ಇಂಚು ಬಂತು ಅಂದುಕೊಳ್ಳಿ. ಸರಾಸರಿ 8. ನಿಮ್ಮ ಫೋನ್ 8 ಅನ್ನುತ್ತದೆ. ಆದರೆ 50ರಲ್ಲಿ ಒಂದು ಸಲವೂ 8 ಬಂದಿಲ್ಲ! ಆ ಅಂಕೆ ನೋಡಿ ನೀವು ಒಂದು ಸಾಧಾರಣ ಸ್ನೋ ದಿನಕ್ಕೆ ತಯಾರಾಗುತ್ತೀರಿ. ಬರುವುದು ಒಂದೋ ಏನೂ ಇಲ್ಲದ ದಿನ, ಇಲ್ಲಾ ಬಾಗಿಲು ತೆಗೆಯಲಾಗದ ದಿನ.

2017ಕ್ಕೆ ವಾಪಸ್ ಬರುತ್ತೇನೆ. ಆಮೇಲೆ ಸುದ್ದಿಯಲ್ಲಿ ಬಂದದ್ದು ಇದು. ಸೋಮವಾರ ಮಧ್ಯಾಹ್ನವೇ ಹವಾಮಾನ ತಜ್ಞರಿಗೆ ಅಂಕೆ ಇಳಿಯುತ್ತಿರುವುದು ಕಾಣಿಸಿತ್ತು. ಇಳಿಸಿ ಹೇಳಬೇಕಾ ಅಂತ ಮಾತಾಡಿಕೊಂಡಿದ್ದರು. ಇದ್ದಕ್ಕಿದ್ದ ಹಾಗೆ ಬದಲಾಯಿಸಿದರೆ ಅಪಾಯವೇ ಹೋಯಿತು ಅಂತ ಜನ ಹೊರಗೆ ಹೊರಟುಬಿಡುತ್ತಾರೆ ಅನ್ನುವ ಭಯಕ್ಕೆ ಹಾಗೇ ಬಿಟ್ಟರು. ಆ ಭಯ ನನಗೆ ಅರ್ಥವಾಗುತ್ತದೆ. ರಾತ್ರಿ ಲೆಕ್ಕ ಮತ್ತೆ ಮೇಲೆ ಹೋಗಿದ್ದರೆ? ಒಬ್ಬರ ಜೀವ ಹೋದರೂ ಅದು ಅವರ ಮೇಲೆ ಬರುತ್ತಿತ್ತು. ಆದರೂ ಅದು ಸರಿ ಅಂತ ನನಗೆ ಅನಿಸುವುದಿಲ್ಲ. "ಸಬ್ಬಕ್ಕಿ ಗೆರೆ ಟರ್ನ್‌ಪೈಕ್ ಹೆದ್ದಾರಿ ಹತ್ತಿರ ಬರುತ್ತಿದೆ, ಆಚೆ ಒಂದು ಅಡಿ, ಈಚೆ ಅರ್ಧ ಅಡಿ, ಎರಡೂ ಕಡೆ ರಸ್ತೆ ಕೆಟ್ಟದಾಗಿರುತ್ತದೆ" ಅಂತ ಹೇಳಿದ್ದರೆ ನಮಗೆ ಅರ್ಥವಾಗುತ್ತಿತ್ತು. ಇಲ್ಲಿ ಕೂತಿರುವ ಅಮ್ಮಂದಿರು ಮಳೆಗಾಲದಲ್ಲಿ ಹಪ್ಪಳ ಒಣಗಿಸಿದವರು. ಅರ್ಧ ಗಂಟೆಯಲ್ಲಿ ಆಕಾಶ ಮನಸ್ಸು ಬದಲಾಯಿಸುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕೊನೆಗೆ, ನೀವು ಮಾಡಬಹುದಾದ ಒಂದು ಕೆಲಸ. ಎಂಪಿಂಗ್ ಅಂತ ಒಂದು ಆ್ಯಪ್ ಇದೆ. 2012ರಲ್ಲಿ ಶುರುವಾದದ್ದು, ಸರ್ಕಾರದ ಸಂಶೋಧಕರದ್ದೇ. ದುಡ್ಡು ಕೊಡಬೇಕಿಲ್ಲ, ಹೆಸರು ಬರೆಯಬೇಕಿಲ್ಲ. ಹೊರಗೆ ನೋಡಿ, ಬೀಳುತ್ತಿರುವುದು ಏನು ಅಂತ ಒತ್ತಿದರೆ ಆಯಿತು. ಮಳೆ ಅಂದರೂ ಒತ್ತಿ. ಏನೂ ಬೀಳುತ್ತಿಲ್ಲ ಅಂದರೂ ಒತ್ತಿ, ಅದೂ ಬೇಕು. ರೇಡಾರ್ ಕಿರಣ ದೂರ ಹೋದ ಹಾಗೆ ನೆಲದಿಂದ ಮೇಲೆ ಮೇಲೆ ಹೋಗುತ್ತದೆ. ನಿಮ್ಮ ಅಂಗಳದ ಮೇಲಿನ ಕೊನೆಯ ನೂರಿನ್ನೂರು ಮೀಟರ್ ಅದಕ್ಕೆ ಕಾಣುವುದಿಲ್ಲ. ನಿಮಗೆ ಕಾಣುತ್ತದೆ. ಇನ್ನೂ ಆಸಕ್ತಿ ಇದ್ದವರು ಕೊಕೊರಾಸ್ ಸೇರಬಹುದು. 1998ರಲ್ಲಿ ಕೊಲರಾಡೊದಲ್ಲಿ ಶುರುವಾದ ಸ್ವಯಂಸೇವಕರ ಗುಂಪು. ಮಳೆ ಅಳೆಯುವ ಒಂದು ಕೊಳವೆ, ಒಂದು ಬಿಳಿ ಹಲಗೆ, ಒಂದು ಸ್ಕೇಲ್. ನನ್ನ ಹಿತ್ತಲಲ್ಲೂ ಇರುವುದು ಅಷ್ಟೇ.

ಆ 2017ರ ಬೆಳಗ್ಗೆ ಬಾಗಿಲು ತೆಗೆದು ಸಬ್ಬಕ್ಕಿ ಕಂಡ ಮೇಲೆ ನಾನೂ ಒತ್ತಿದ್ದೆ. ಆಮೇಲೆ ಚಹಾ ಮಾಡಿಕೊಂಡು ನಕ್ಷೆ ತೆಗೆದು ಕೂತೆ. ನಮ್ಮ ದಕ್ಷಿಣಕ್ಕೆಲ್ಲ ಸಬ್ಬಕ್ಕಿಯ ಚುಕ್ಕೆಗಳು, ಉತ್ತರಕ್ಕೆ ಸ್ನೋ ಚುಕ್ಕೆಗಳು. ನೋಡುತ್ತಿದ್ದ ಹಾಗೆ ಒಂದೊಂದೇ ಊರು ಬದಲಾಗುತ್ತಾ ಬಂತು. ಯಾರೋ ನನ್ನ ಹಾಗೇ ಸದ್ದಿಗೆ ಎದ್ದು, ಬಾಗಿಲು ತೆಗೆದು, ಒತ್ತಿದ್ದರು. ನನ್ನ ಮಗಳು ಎದ್ದು ಬಂದು, "ಅಪ್ಪಾ, ಸ್ಕೂಲ್ ಇದೆಯಾ?" ಅಂದಳು. ಇಲ್ಲ ಪುಟ್ಟಾ, ಮಲಗು ಅಂದೆ. ಅವಳು ಮಲಗಲಿಲ್ಲ. ಪಕ್ಕದಲ್ಲಿ ಕೂತು, ಇದು ಯಾವ ಊರು, ಇದು ಯಾವ ಊರು ಅಂತ ಕೇಳುತ್ತಾ ನಕ್ಷೆ ನೋಡಿದಳು.